ಟೆಲಿಫೋನ್ ಸೀನು

ಎದ್ದು ಹೋಗೋಣವೆಂದರೆ ದಾರಿಯಿಲ್ಲ. ಕನ್ನಡಕದಂಗಡಿಯ ಯಜಮಾನರ ಬಲಕ್ಕೆ ಲೈಬ್ರರಿಯಮ್ಮ, ಎಡಕ್ಕೆ ನಿವೃತ್ತ ಅಂಚೆಯಣ್ಣ, ಹಿಂದೆ ಮುಂದೆ ಚಿತ್ರಸಂಘದ ಮಿಕ್ಕವರು. ಹಳೆಯ ಚಿತ್ರಗಳ ಡಿಸ್ಕ್ ಹೊರತರುವ ಕಂಪನಿಯ ಪುಟ್ಟ ಪ್ರದರ್ಶನ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಅದನ್ನೂ ಆಗಲೇ ಮುಚ್ಚಿದ್ದರು. ಬೆಳಗ್ಗೆ ಹನ್ನೊಂದಕ್ಕೇ ಯಜಮಾನರ ಅಂಗಿ ಬೆನ್ನಿಗೆ ಅಂಟಿತ್ತು.

"ಯಾಕ್ ಸಾರ್ ಹೀಗೆ ಬೆವರ್ತಿದ್ದೀರಿ?" ಎಂದರು ಲೈಬ್ರರಿಯಮ್ಮ. "ಹದಿನೆಂಟು ವರ್ಷ ಕಾದಿದ್ದಕ್ಕೂ ಸಾರ್ಥಕ ಆಯ್ತು. ನಿಮ್ಮ ಸೀನು ಇವತ್ತು ನಾವೂ ನೋಡ್ತೀವಿ!"

ಅದೇ ಅಲ್ಲವೇ ಪ್ರಾಣಕ್ಕೆ ಬಂದದ್ದು!

ನಡೆದದ್ದು ಇಷ್ಟು. ಸಂಘ ಶುರುವಾದ ದಿನ ಒಬ್ಬೊಬ್ಬರೂ ತಾವು ಕಂಡ ಅಪರೂಪದ ಚಿತ್ರಗಳನ್ನು ಹೇಳಿಕೊಳ್ಳುತ್ತಿದ್ದರು. ಯಜಮಾನರ ಸರದಿ ಬಂದಾಗ ಬಾಯಿಗೆ ಬಂದದ್ದು, ನಾಲ್ಕೇ ದಿನ ಓಡಿ ಮಾಯವಾದ ಒಂದು ಕಪ್ಪುಬಿಳುಪು ಚಿತ್ರ. ಚಿಕ್ಕಂದಿನಲ್ಲಿ ಗೋಡೆಯ ಮೇಲೆ ಅದರ ಪೋಸ್ಟರ್ ನೋಡಿದ್ದರು. ಪೋಸ್ಟರ್ ಮಾತ್ರ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತ ಕೂತ ನಾಯಕಿ, ಅಷ್ಟೇ. "ನೋಡಿದ್ದೀನಿ" ಅಂದುಬಿಟ್ಟರು. "ಹೇಗಿದೆ?" ಅಂದರು ಯಾರೋ. ನಾಲಿಗೆ ಹಿಡಿತ ತಪ್ಪಿತು. ಗಂಡ ಇನ್ನೊಬ್ಬಳಿಗೆ ಮಾಡಿದ ಕರೆ ನಾಯಕಿಯ ಕೈಗೇ ಬರುತ್ತದೆ. ದನಿ ಗುರುತು ಸಿಕ್ಕರೂ ಅವಳು ತಾನೇ ತಂತಿ ಜೋಡಿಸಿ, ತುಟಿ ನಡುಗದಂತೆ "ಮಾತಾಡಿ" ಅನ್ನುತ್ತಾಳೆ. ನಿಂತ ನಿಲುವಿನಲ್ಲಿ ಹೊಸೆದ ಈ ಸೀನು ಕೇಳಿ ಅಂಚೆಯಣ್ಣ ಕಣ್ಣೊರೆಸಿಕೊಂಡಿದ್ದರು.

ಆಮೇಲೆ ಬಿಡುಗಡೆ ಎಲ್ಲಿ? ಲೈಬ್ರರಿಯಮ್ಮ ವರ್ಷಕ್ಕೆರಡು ಬಾರಿ ಕಂಪನಿಗೆ ಪತ್ರ ಬರೆದರು: ಈ ಚಿತ್ರದ ಡಿಸ್ಕ್ ತನ್ನಿ. ಪ್ರತಿ ಪತ್ರದಲ್ಲೂ ಟೆಲಿಫೋನ್ ಸೀನಿನ ವರ್ಣನೆ. ಮೊದಲ ಸಹಿ ಯಜಮಾನರದೇ. ಸಹಿ ಹಾಕಿ ಮನೆಗೆ ಬಂದು, ಈ ಅರ್ಜಿ ಕಸದ ಬುಟ್ಟಿಗೆ ಹೋಗಲಪ್ಪ ಎಂದು ಬೇಡಿಕೊಂಡವರು ಲೋಕದಲ್ಲಿ ಅವರೊಬ್ಬರೇ ಇರಬೇಕು. ಹಾಳಾದ ಕಂಪನಿ ಕೊನೆಗೂ ಎಲ್ಲೋ ಪ್ರಿಂಟ್ ಹುಡುಕಿ ತೆಗೆಯಿತು.

"ಹೇಳ್ಬಿಡಿ ಅತ್ಲಾಗೆ. ಅವರೇನು ನಿಮ್ಮನ್ನ ನುಂಗ್ತಾರಾ?" ಎಂದಿದ್ದರು ಹೆಂಡತಿ, ಬೆಳಗ್ಗೆ. ಹೇಳುವುದು ಸುಲಭವೇ? ಮಗಳ ಆಪರೇಷನ್ನಿಗೆ ಸರದಿಯ ಮೇಲೆ ಆಸ್ಪತ್ರೆ ಕಾದವರು ಇದೇ ಜನ. ಇವರನ್ನು ಬಿಟ್ಟರೆ ಯಜಮಾನರಿಗೆ ಗೆಳೆಯರೆಂದು ಒಬ್ಬರೂ ಇಲ್ಲ. ಸುಳ್ಳುಗಾರ ಎಂದು ತಿಳಿದ ಮೇಲೆ ಯಾವ ಮುಖ ಹೊತ್ತು ಅವರ ನಡುವೆ ಕೂರುವುದು?

ದೀಪ ಆರಿತು. ಚಿತ್ರ ಶುರುವಾಯಿತು.

ಮುಂದಿನ ಸಾಲಿನಲ್ಲಿ ಚಿತ್ರದ ನಿರ್ದೇಶಕರು ಕೂತಿದ್ದರು. ಎಂಬತ್ತು ದಾಟಿದ ಜೀವ. ಆ ನಾಲ್ಕು ದಿನದ ಸೋಲಿನ ಮೇಲೆ ಅವರಿಗೆ ಇನ್ನೊಂದು ಚಿತ್ರ ಯಾರೂ ಕೊಟ್ಟಿರಲಿಲ್ಲವಂತೆ. ಸಂಘದ ಪತ್ರಗಳನ್ನೆಲ್ಲ ಕಂಪನಿ ಅವರಿಗೆ ಕಳಿಸಿತ್ತು. ಮಡಿಕೆಗಳಲ್ಲಿ ಸವೆದಿದ್ದ ಆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಎಕ್ಸ್‌ಚೇಂಜ್ ತೆರೆಯ ಮೇಲೆ ಬಂದಾಗೆಲ್ಲ ಇಡೀ ಕೋಣೆ ಉಸಿರು ಬಿಗಿಹಿಡಿಯುತ್ತಿತ್ತು. ಮುದುಕರು ಮಾತ್ರ ತೆರೆ ಬಿಟ್ಟು ಹಿಂದಕ್ಕೆ ತಿರುಗಿ ಸಂಘದವರ ಮುಖ ನೋಡುತ್ತಿದ್ದರು.

ನಾಯಕಿ ಹಾಡಿದಳು, ಅತ್ತಳು, ಮೈದುನನ ಮದುವೆ ಮಾಡಿಸಿದಳು. ಗಂಡನೋ, ಚಿನ್ನದಂಥವನು. ಕೊನೆಗೆ 'ಮುಗಿಯಿತು' ಎಂಬ ಅಕ್ಷರವೂ ಬಂತು. ಸೀನು ಬರಲಿಲ್ಲ.

ದೀಪ ಹತ್ತಿತು. ಲೈಬ್ರರಿಯಮ್ಮ ಧಡಕ್ಕನೆ ಎದ್ದರು. ಮುಗಿಯಿತು ಕಥೆ, ಎಂದುಕೊಂಡರು ಯಜಮಾನರು.

"ಕತ್ತರಿಸಿದ್ದೀರಾ!" ಲೈಬ್ರರಿಯಮ್ಮ ಗುಡುಗಿದ್ದು ಕಂಪನಿಯ ಮ್ಯಾನೇಜರನ ಮೇಲೆ. "ಚಿತ್ರದ ಜೀವಾನೇ ತೆಗೆದು ಎಸೆದಿದ್ದೀರಲ್ರೀ!"

"ಇಲ್ಲಮ್ಮ, ಸಿಕ್ಕಿದ ಪ್ರಿಂಟು ಪೂರ್ತಿ ಇಷ್ಟೇ."

"ಇಷ್ಟೇ ಅಂದ್ರೆ? ಕಣ್ಣಾರೆ ಕಂಡವರು ಇಲ್ಲೇ ಕೂತಿದ್ದಾರೆ. ಹೇಳಿ ಸಾರ್!"

ಎಲ್ಲ ಕಣ್ಣುಗಳೂ ಅವರ ಮೇಲೆ. ಯಜಮಾನರು ಎದ್ದರು. ಸಾಕಪ್ಪ ಈ ಬಾಳು, ಹೇಳಿಯೇ ಬಿಡುವುದು. "ನೋಡಿ, ಆ ಸೀನು ನಿಜವಾಗಿ..."

"ನಿಜವಾಗಿ ತೆಗೆದಿದ್ದೆ." ಮುದುಕರು ಊರುಗೋಲು ಎತ್ತಿ ತಡೆದಿದ್ದರು. "ಮೊದಲನೇ ದಿನ ಇತ್ತು. ನಿರ್ಮಾಪಕರಿಗೆ ಹಿಡಿಸ್ಲಿಲ್ಲ, ಎರಡನೇ ದಿನಕ್ಕೆ ಕತ್ತರಿ ಹಾಕಿಸಿದ್ರು. ಇವರು ಹೇಳೋದು ಸತ್ಯ."

ಕೋಣೆ ಎದ್ದು ನಿಂತಿತು. ಚಪ್ಪಾಳೆ! ಅಂಚೆಯಣ್ಣ ಯಜಮಾನರನ್ನು ತಬ್ಬಿಕೊಂಡರು. ಪೂರ್ತಿ ಚಿತ್ರ ಸಿಗುವ ತನಕ ಬಿಡಬಾರದೆಂದು ಲೈಬ್ರರಿಯಮ್ಮ ಅಲ್ಲೇ ಹೊಸ ಪತ್ರ ಶುರುಮಾಡಿದರು.

ಯಜಮಾನರು ಮುದುಕರನ್ನೇ ನೋಡಿದರು. ಹಾಗಾದರೆ ತಾನು ಹೊಸೆದದ್ದು ಇದ್ದದ್ದೇ? ಚಿಕ್ಕಂದಿನಲ್ಲಿ ಎಲ್ಲೋ ನೋಡಿ ಮರೆತಿರಬಹುದೇ? ಹದಿನೆಂಟು ವರ್ಷದ ಭಾರ ಎದೆಯಿಂದ ಇಳಿದು, ಕಣ್ಣು ತುಂಬಿತು. ಜನರನ್ನು ಸರಿಸಿಕೊಂಡು ಹೋಗಿ ಮುದುಕರ ಕಾಲಿಗೆ ಬಗ್ಗಿದರು.

ಮುದುಕರು ಅವರ ತೋಳು ಬಿಗಿಯಾಗಿ ಹಿಡಿದು, ಕಿವಿಯ ಹತ್ತಿರ ಬಾಯಿ ತಂದರು.

"ಪತ್ರದಲ್ಲಿ ಇರೋಷ್ಟು ಬಾಯಿಪಾಠ ಮಾಡಿದ್ದೀನಿ, ಅವಳು 'ಮಾತಾಡಿ' ಅಂದ ಮೇಲೆ ಏನಾಗುತ್ತೆ ಅಂತ ಬೇಗ ಹೇಳಪ್ಪ, ನಾಳೆ ರೇಡಿಯೋದವರು ನಮ್ಮಿಬ್ಬರನ್ನೂ ಕೂರಿಸಿ ಕೇಳ್ತಾರಂತೆ."