ಇನ್ಸ್‌ಬ್ರುಕ್‌ನ ತೀರ್ಥ

ಅಂಗಳದಲ್ಲಿ ಏಕನಾಥಮ್ಮನ ಚಪ್ಪಲಿ ಸದ್ದು ಕೇಳಿದ್ದೇ ತಡ, ಜಂಬಣ್ಣ ಹಿತ್ತಿಲ ಬಾಗಿಲ ಕಡೆ ನೋಡಿದ. ಇವತ್ತು ತನ್ನ ಬಂಡವಾಳ ಬಯಲಾಗುವುದು ಖಂಡಿತ.

ಹೊಳಲ್ಕೆರೆಯಲ್ಲಿ ಅವನದು ಗೊಬ್ಬರದ ಅಂಗಡಿ. ಹೋದ ವರ್ಷ, ಅಂದರೆ 2000ದಲ್ಲಿ, ಹೆಚ್ಚು ಮಾರಾಟ ಮಾಡಿದ ಅಂಗಡಿಯವರನ್ನು ಕಂಪನಿ ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್‌ಗೆ ಕಳಿಸಿತ್ತು. ಹಿಮದ ಆಟ, ಅರಮನೆ, ಸಂಗೀತ, ಎಲ್ಲ ಪುಕ್ಕಟೆ. ಹೆಂಡತಿ ಅನುಸೂಯ ಆರತಿ ಎತ್ತಿದಳು. ಇಡೀ ಬೀದಿ ಬಸ್ ಸ್ಟ್ಯಾಂಡಿಗೆ ಬಂದು ಹಾರ ಹಾಕಿತು. ಮುಂಬೈಗೆ ಹೋದರೆ ಇವನೊಬ್ಬನಿಗೆ ವೀಸಾ ಸಿಗಲಿಲ್ಲ. ಹಾರ ಹಾಕಿಸಿಕೊಂಡ ಕತ್ತು ಹೊತ್ತು ವಾಪಸ್ ಬರುವುದು ಹೇಗೆ? ಅಲ್ಲೇ ಲಾಡ್ಜಿನಲ್ಲಿ ದಿನ ದೂಡಿ, ಎಲ್ಲರೂ ಬರುವ ಹೊತ್ತಿಗೆ ತಾನೂ ಬಂದ. ಸುಳ್ಳು ಹೇಳಬೇಕೆಂದೇನೂ ಇರಲಿಲ್ಲ ಪಾಪ, ಅನುಸೂಯಳ ಮುಖ ನೋಡಿದ ಮೇಲೆ ನಿಜ ಬಾಯಿಗೆ ಬರಲಿಲ್ಲ. ಅಂದಿನಿಂದ ಅವಳು ಗಂಡ ಹಿಮದಲ್ಲಿ ಜಾರಿದ್ದನ್ನು ಕಂಡಕಂಡವರಿಗೆಲ್ಲ ವರ್ಣಿಸುತ್ತಿದ್ದಳು.

ಈ ವರ್ಷ ಕಂಪನಿ ಅದೇ ಊರಿಗೆ ಕಳಿಸಿದ್ದು ಹಿರಿಯೂರಿನ ಏಕನಾಥಮ್ಮನವರನ್ನು. ಅವರೂ ಗೊಬ್ಬರದ ವ್ಯಾಪಾರದವರೇ. ಅನುಸೂಯ ಎಷ್ಟೋ ಸಲ ಊಟಕ್ಕೆ ಕರೆದರೂ ಏನಾದರೊಂದು ನೆವ ಹೇಳುತ್ತಿದ್ದರು. ಆದರೆ ಇವಳು ಬಿಡಬೇಕಲ್ಲ?

"ಬರ್ರಿ, ಕುಂತ್ಕಳ್ರಿ. ನಮ್ಮನೆಯವ್ರು ಜಾರಿದ ಗುಡ್ಡ ನೀವೂ ನೋಡಿದ್ರಂತಲ್ಲ!" ಎಂದಳು ಅನುಸೂಯ.

"ಹೂಂ... ದೊಡ್ಡ ಗುಡ್ಡ," ಎಂದರು ಏಕನಾಥಮ್ಮ, ಸೆರಗಿನಿಂದ ಹಣೆ ಒರೆಸಿಕೊಂಡು.

"ದೊಡ್ಡದೇ," ಎಂದ ಜಂಬಣ್ಣ.

ಊಟಕ್ಕೆ ಕೂತರು. ಏಕನಾಥಮ್ಮ ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದರು. ಈ ಹೆಂಗಸು ತನ್ನನ್ನು ಅಳೆಯುತ್ತಿದ್ದಾಳೆ ಎಂದುಕೊಂಡ ಜಂಬಣ್ಣ.

ಆಗ ಬಾಯಿ ಹಾಕಿದ್ದು ಅವನ ಅತ್ತೆ, ಅನುಸೂಯಳ ತಾಯಿ ಕಾಳಕ್ಕ. ಆಕೆಯ ಪಾಲಿಗೆ ದೂರದ ಊರೆಂದರೆ ಎಲ್ಲವೂ ಕಾಶಿಯೇ. ಹೋದವರು ಗಿಂಡಿಯಲ್ಲಿ ತೀರ್ಥ ತಂದು ಬೀದಿಗೆಲ್ಲ ಹಂಚಬೇಕು.

"ನಮ್ಮಳಿಯ ಬರಿಗೈಲಿ ಬಂದ. ನೀನಾದ್ರೂ ಆ ಹಿಮದ ನೀರು ತಂದ್ಯೇನವ್ವ? ಅಲ್ಲಿ ಗಿಂಡಿ ತುಂಬಿ ಕೊಡೋರು ಯಾರೂ ಇಲ್ವಾ?"

ಏಕನಾಥಮ್ಮ ಕೈ ತಡೆದು ಜಂಬಣ್ಣನನ್ನೇ ನೋಡಿದರು. ಮುಗಿಯಿತು ಕಥೆ! ಅವರು ಬಾಯಿ ತೆರೆಯುವ ಮೊದಲೇ ಇವನು ನುಗ್ಗಿದ.

"ಅವ್ನೆ ಅತ್ತೆ, ಗುಡ್ಡದ ಮ್ಯಾಲೆ ಒಬ್ಬ ಮುದುಕಪ್ಪ ಅವ್ನೆ. ಹಿಮ ಕರಗ್ಸಿ, ಗಿಂಡಿಗೆ ತುಂಬಿ, ಬೆಸುಗೆ ಹಾಕಿ ಕೊಡ್ತಾನೆ. ನಾನೂ ತಂದಿದ್ದೆ, ವಿಮಾನದೋರು ಕಿತ್ಕಂಡ್ರು."

ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡ. ಇಂಥ ಹಸಿ ಸುಳ್ಳನ್ನು ಹೋಗಿಬಂದವರ ಎದುರಿಗೇ ಹುಟ್ಟಿಸಿ ಹೇಳುವುದೇ? ಅನುಸೂಯ ಹೆಮ್ಮೆಯಿಂದ ಅತಿಥಿಯ ಕಡೆ ತಿರುಗಿದಳು.

"ಹೌದೇನ್ರಿ?"

ಬಂದಾಗಿನಿಂದ ಬಾಡಿದ್ದ ಏಕನಾಥಮ್ಮನ ಮುಖ ಮೊದಲ ಸಲ ಅರಳಿತು.

"ಹೌದ್ರಿ! ನನ್ ಗಿಂಡೀನೂ ವಿಮಾನದೋರೇ ಕಿತ್ಕಂಡ್ರು. ಒಳ್ಳೆ ಮುದುಕಪ್ಪ ಪಾಪ. ಹೊಳಲ್ಕೆರೆ ಜಂಬಣ್ಣೋರು ಚೆನ್ನಾಗವ್ರಾ ಅಂತ ನಿಮ್ಮನ್ನ ಭಾಳ ಕೇಳ್ದ!"