ಶಿಫಾರಸಿಲ್ಲದ ಹಲಗೆ

ಹೆಂಡತಿಯ ತಲೆಗೂದಲಲ್ಲಿ ಮರದ ಪುಡಿ ಕಂಡಿದ್ದೇ ತಡ, ಪರೀಕ್ಷಕರ ಕಿವಿ ನೆಟ್ಟಗಾಯಿತು.

“ಏನಿದು?”

“ಅಪ್ಪನ ಗರಗಸ ತುಕ್ಕು ಹಿಡೀತಿತ್ತು. ತೆಗೆದು ಒರೆಸಿಟ್ಟೆ,” ಎಂದಳು ಆಕೆ, ಹಿತ್ತಲ ಮರದ ಡೆಕ್ಕಿನ ಮೂಲೆಯಲ್ಲಿದ್ದ ದೊಡ್ಡ ಹೂಕುಂಡವನ್ನು ಉಸಿರು ಬಿಗಿಹಿಡಿದು ಈಚೆಗೆ ತಳ್ಳುತ್ತಾ.

ಪರೀಕ್ಷಕರು ಮೀಸೆಯಡಿ ನಕ್ಕರು. ಅಲ್ಲ, ಯಾರ ಕಣ್ಣಿಗೆ ಮಣ್ಣೆರಚೋದು? ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಗೆ ಬಂದವರನ್ನೆಲ್ಲ ಸಾರಾಸಗಟಾಗಿ ಫೇಲ್ ಮಾಡಿ ಹೆಸರು ಮಾಡಿದವರು ಅವರು. ಮೊದಲ ಸಲ ಆ ಪರೀಕ್ಷೆಯಲ್ಲಿ ತಾವೂ ಡುಮ್ಕಿ ಹೊಡೆದಿದ್ದು ಮನೆಯೊಳಗಿನ ಗುಟ್ಟು, ಬಿಡಿ.

ಆ ಡೆಕ್ಕನ್ನು ಕಟ್ಟಿದ್ದು ಅವರ ಮಾವ. ಬಡಗಿ. ಮಗಳು ಈ ಮನೆಗೆ ಬಂದ ವರ್ಷ, ಹಿತ್ತಲ ಉದ್ದಗಲಕ್ಕೂ ಹಲಗೆ ಹಾಸಿ, “ಅಳಿಯಂದಿರೇ, ಇದು ನಿಮ್ಮ ಕೋಪಕ್ಕಿಂತ ಹೆಚ್ಚು ಬಾಳಿಕೆ ಬರುತ್ತೆ,” ಎಂದಿದ್ದರು. ಮಾವ ತೀರಿಕೊಂಡರು. ಮಾತು ಮಾತ್ರ ಅಳಿಯಂದಿರ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

ಬೇಸಿಗೆಗೆ ಮುಂಚೆ ಬೀಗರು ಬಂದಿದ್ದರು. ಡೆಕ್ಕಿನ ಮೇಲೆ ನಿಂತು, ಟೀ ಕಪ್ಪು ಹಿಡಿದು, ಈ ಕಾಲದವರಿಗೆ ಶಿಸ್ತಿಲ್ಲ ಎಂದು ಪರೀಕ್ಷಕರು ಉಪದೇಶಕ್ಕೆ ಶುರುಮಾಡಿದ್ದರಷ್ಟೇ, ಹಲಗೆ ಮುರಿದು ಮೊಣಕಾಲಿನವರೆಗೆ ಒಳಗೆ ಹೋದರು. ಟೀ ಚೆಲ್ಲಲಿಲ್ಲ. ಮರ್ಯಾದೆ ಪೂರ್ತಿ ಚೆಲ್ಲಿತು. ಒಬ್ಬರೇ ಇದ್ದಾಗ ನೆನೆಸಿಕೊಂಡರೆ ಅವರಿಗೇ ನಗು ತಡೆಯಲಾಗುತ್ತಿರಲಿಲ್ಲ.

“ಇಡೀ ಡೆಕ್ಕೇ ಲಡ್ಡು ಹಿಡಿದಿದೆ. ಕಿತ್ತು ಹಾಕಿಸ್ತೀನಿ!”

“ಮುರಿದ ಹಲಗೆ ಹೋದ ವರ್ಷ ಯಾರು ತಂದು ಹೊಡೆದಿದ್ದು, ಸೋವಿ ಅಂತ?” ಎಂದಳು ಹೆಂಡತಿ.

ಪರೀಕ್ಷಕರಿಗೆ ವಿಪರೀತ ಕೆಮ್ಮು ಬಂತು.

“ಅಪ್ಪನ ಕೈಯಿಂದಾದದ್ದು ಅಂತ ಉಳಿದಿರೋದು ಇದೊಂದೇ, ರೀ.” ಅವಳ ಕಣ್ಣು ತುಂಬಿತ್ತು. “ಇದನ್ನೂ ಕಿತ್ತರೆ ನನಗೆ ಅಪ್ಪ ಅನ್ನೋಕೆ ಏನೂ ಇರಲ್ಲ.”

“ಮಾವ ಮಾಡಿದ್ದು ಅನ್ನೋ ಶಿಫಾರಸೆಲ್ಲ ನನ್ನ ಹತ್ರ ನಡೆಯಲ್ಲ.”

ಅಂದಮೇಲೆ ಎದೆಯೊಳಗೆ ಚುಳ್ಳೆಂದಿತು. ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡರೆ ಅವರು ಪರೀಕ್ಷಕರು ಹೇಗಾದಾರು?

ಮರದ ಅಂಗಡಿಯಿಂದ ಹೊಸ ಹಲಗೆಗಳ ಮಾದರಿ ತುಂಡುಗಳು ಬಂದ ದಿನ ಹೆಂಡತಿಯೇ ಹೇಳಿದಳು: “ಆಯ್ತು, ಹೊಸದನ್ನಾದರೂ ನ್ಯಾಯವಾಗಿ ಆರಿಸಿ. ಮರದ ಹೆಸರು ಕೇಳಿದರೆ ಸಾಕು, ಮುಖ ಸಿಂಡರಿಸ್ತೀರಿ. ಚೀಟಿ ಕಿತ್ತು ಬರೀ ನಂಬರ್ ಹಾಕ್ತೀನಿ. ಗೆದ್ದಿದ್ದನ್ನ ಹಾಕಿಸಿ, ನಾನು ತುಟಿಪಿಟಕ್ಕೆನ್ನಲ್ಲ. ನೀವೂ ಮಾತು ತಪ್ಪಬಾರದು.”

“ನಾನು? ಮಾತು ತಪ್ಪೋದು?”

ಮರದ ಪುಡಿ ಕಂಡಿದ್ದು ಅದೇ ಸಂಜೆ. ಇವಳು ಯಾವುದೋ ಒಂದು ತುಂಡಿನ ಪರ ಕೈಯಾಡಿಸುತ್ತಿದ್ದಾಳೆ ಎಂದು ಪರೀಕ್ಷಕರು ತೀರ್ಮಾನಿಸಿಬಿಟ್ಟರು. ಅನುಮಾನ ನಿಜವೂ ಆಯಿತು. ಒಂದು ಮಧ್ಯಾಹ್ನ ಆಕೆ ಮೂರನೇ ನಂಬರಿನ ತುಂಡಿಗೆ ಎಣ್ಣೆ ಸವರುತ್ತಾ ಸಿಕ್ಕಿಬಿದ್ದಳು.

“ನೋಡೋಕೆ ಚೆನ್ನಾಗಿದೆಯಲ್ಲಾ ಅಂತ...” ಎಂದು ರಾಗ ಎಳೆದಳು.

ಮೂರನೇದು ಅಲ್ಲೇ ಡಿಬಾರ್. ಆದರೂ ಅವಳು ಮತ್ತೆ ಅದಕ್ಕೆ ಕೈ ಹಾಕಿಯಾಳೆಂದು, ಅದೊಂದನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾದರು.

ಪರೀಕ್ಷೆಯೋ, ದೇವರಿಗೇ ಪ್ರೀತಿ. ಬಿಸಿಲಿಗೆ ಒಣಗಿಸಿದರು, ಮಳೆಗೆ ನೆನೆಸಿದರು, ಕುದಿಯುವ ನೀರು ಸುರಿದರು. ಕೊನೆಗೆ ಸಾಲಾಗಿ ಜೋಡಿಸಿ ಕಾರೇ ಹತ್ತಿಸಿದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, “ರಿವರ್ಸಲ್ಲಿ ಸ್ವಲ್ಪ ವೀಕು, ಸಾರ್!” ಎಂದರು. ತಮ್ಮ ಹುಚ್ಚಾಟಕ್ಕೆ ಪರೀಕ್ಷಕರೇ ನಕ್ಕುಬಿಟ್ಟರು. ಆದರೆ ರಿವರ್ಸಲ್ಲಿ ಇನ್ನೊಮ್ಮೆ ಹತ್ತಿಸದೆ ಬಿಡಲಿಲ್ಲ.

ಒಂದನೇದು ಸೊಟ್ಟಗಾಯಿತು. ಎರಡನೇದು ಸೀಳಿತು. ಮರದ ಹೊಟ್ಟು, ಪ್ಲಾಸ್ಟಿಕ್ಕು ಬೆರೆಸಿದ ನಾಲ್ಕನೇದು ಬಿಸಿಲಿಗೆ ಕಾದು ಪಾದ ಸುಟ್ಟಿತು. ಐದನೇದು ಒದ್ದೆಯಾದೊಡನೆ ಜಾರಿ ಅವರನ್ನೇ ಕೆಡವಿತು. ಆರನೇದಕ್ಕೆ ಹುಳು ಬಿತ್ತು. ಏಳನೇದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಗೇಣುದ್ದದ ತುಂಡು, ತುದಿಯಲ್ಲಿ ಎರಡು ಕಪ್ಪು ಚುಕ್ಕಿ. ಗಂಟಿರಬೇಕು ಎಂದುಕೊಂಡರು.

ಅಂಗಡಿಯವನನ್ನು ಮನೆಗೇ ಕರೆಸಿದರು. ಅವನೆದುರು, ಡೆಕ್ಕಿನ ನಟ್ಟನಡುವೆ ನಿಂತು, ಕೆಂಪು ಶಾಯಿಯಲ್ಲಿ ಏಳನೇದರ ಮೇಲೆ ‘ಪಾಸ್’ ಎಂದು ಬರೆದು ರುಜು ಹಾಕಿದರು. ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ಓದಿಕೊಂಡರು. ಪಾಪ, ಅಭ್ಯಾಸವಿರಲಿಲ್ಲ.

“ಪೂರ್ತಿ ಡೆಕ್ಕಿಗೆ ಇದೇ ಆಗಬೇಕು. ಇದರ ಮುಂದೆ ನಮ್ಮ ಮಾವನ ಮರ ಯಾವ ಮೂಲೆಗೆ! ನಾಳೆನೇ ಕಿತ್ತು ಹಾಕಿ.”

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನಿಜಕ್ಕೂ ತುಟಿಪಿಟಕ್ಕೆನ್ನಲಿಲ್ಲ.

ಅಂಗಡಿಯವನು ತುಂಡನ್ನು ತಿರುಗಿಸಿ ನೋಡಿದ, ಕಪ್ಪು ಚುಕ್ಕಿಯನ್ನು ಉಗುರಿನಿಂದ ಕೆರೆದ. ಅಂಟು ಬೆರೆಸಿ ತುಂಬಿದ್ದ ಮರದ ಪುಡಿ ಉದುರಿ ಮೊಳೆಯ ತೂತು ಕಾಣಿಸಿತು.

“ಸಾರ್, ನಾನು ಕೊಟ್ಟಿದ್ದು ಆರೇ ತುಂಡು. ಇದು ನಮ್ಮದಲ್ಲ. ಇಂಥ ಮರ ಈಗ ಹುಡುಕಿದರೂ ಸಿಗಲ್ಲ. ಎಲ್ಲಿದೆ ಅಂತ ಗೊತ್ತಾದರೆ ದಯವಿಟ್ಟು ನನಗೂ ಹೇಳಿ.”

ಪರೀಕ್ಷಕರು ಹೆಂಡತಿಯತ್ತ ತಿರುಗಿದರು. “ಎಲ್ಲಿ ಸಿಕ್ತೇ ನಿನಗೆ? ಎಷ್ಟೇ ದೂರ ಇರಲಿ, ಹೋಗಿ ತರ್ತೀನಿ!”

ಆಕೆ ಬಂದು ಹೂಕುಂಡವನ್ನು ಪಕ್ಕಕ್ಕೆ ತಳ್ಳಿ, ಅದರಡಿಯಲ್ಲಿ ಬಾಯಿಬಿಟ್ಟಿದ್ದ ಗೇಣುದ್ದದ ಕಿಂಡಿಗೆ ಏಳನೇ ತುಂಡನ್ನಿಟ್ಟು ಅಂಗೈಯಿಂದ ಒತ್ತಿದಳು; ಅದು ಮುಚ್ಚಳದಂತೆ ಕೂತಿತು. “ದೂರ ಏನಿಲ್ಲ, ರೀ. ಅದರ ಮೇಲೇ ನಿಂತಿದ್ದೀರಿ.”