ನೂರಕ್ಕೆ ಎಪ್ಪತ್ತೆಂಟು

ಅಮರಯ್ಯ ಸ್ಕ್ರೂಡ್ರೈವರಿನ ತುದಿಯನ್ನು ಸಂದಿಗೆ ತೂರಿಸಿ ಒತ್ತಿದರು. ಟೇಬಲ್ ಫ್ಯಾನಿನ ಬೆನ್ನು ಟಪ್ಪೆಂದು ಸೀಳಿತು. ಎದುರಿಗೆ ಕುಳಿತಿದ್ದ ಅಕ್ಷರಾ ಬೆಚ್ಚಿದಳು. ಆ ಫ್ಯಾನಿನ ವಿನ್ಯಾಸ ಅವಳದೇ.

"ಬ್ಯಾರೆ ದಾರೀನ ಇಲ್ಲ ತಂಗಿ, ಸುತ್ತೂ ಅಂಟು ಹಾಕಿ ಮುಚ್ಚ್ಯಾರ," ಎಂದ ಅಮರಯ್ಯ ಒಳಗೆ ಬೆರಳಾಡಿಸಿದರು. "ಇಲ್ನೋಡು, ಒಂದು ತಂತಿ ಬಿಟ್ಟೈತಿ, ಅಷ್ಟ. ಎರಡು ನಿಮಿಷದ ಕೆಲಸ. ಆದ್ರ ಮೈಯೇ ಒಡದುಹೋತು. ಇನ್ನ ಗುಜರಿಗಿ, ಕಬಾಡಿಯವಗ ಕೊಡೂದ."

ಕಾಶಿಯ ಆ ಕನ್ನಡ ಮಠದಲ್ಲಿ ಯಾತ್ರಿಗಳ ಕೋಣೆಗಳ ಉಸ್ತುವಾರಿ ಮೂವತ್ತು ವರ್ಷಗಳಿಂದ ಅಮರಯ್ಯನವರದು. ನಲ್ಲಿ, ದೀಪ, ಫ್ಯಾನು ಏನು ಕೆಟ್ಟರೂ ಅವರೇ ಕೂತು ಸರಿಮಾಡುತ್ತಿದ್ದರು. ಅಕ್ಷರಾ ಇಲ್ಲಿಗೆ ವರ್ಗವಾಗಿ ಬಂದ ಕನ್ನಡದ ರೈಲ್ವೆ ನೌಕರರೊಬ್ಬರ ಮಗಳು, ಕಾಶಿಯಲ್ಲೇ ಹುಟ್ಟಿ ಬೆಳೆದವಳು. ಫ್ಯಾನು ತಯಾರಿಸುವ ಸಣ್ಣ ಕಂಪನಿಯೊಂದಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಎರಡು ಮಾದರಿ ಫ್ಯಾನುಗಳನ್ನು ಅವಳು ಪರೀಕ್ಷೆಗೆಂದು ಮಠದಲ್ಲಿಟ್ಟಿದ್ದಳು. ಒಂದು ಪೂರ್ತಿ ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿ, ಅಂಟಿನಿಂದ ಮುಚ್ಚಿದ್ದು. ಇನ್ನೊಂದಕ್ಕೆ ಅರ್ಧ ಹೊಸ ಪ್ಲಾಸ್ಟಿಕ್ಕು, ಆರು ಸ್ಕ್ರೂ. ಯಾವುದು ಎಷ್ಟು ಕಾಲ ಬಾಳುತ್ತದೆ, ಅದರಲ್ಲಿ ಎಷ್ಟು ಮತ್ತೆ ಬಳಕೆಗೆ ಬರುತ್ತದೆ, ಎಷ್ಟು ಕಸವಾಗುತ್ತದೆ ಎಂದು ಲೆಕ್ಕ ಹಾಕಿ ನೂರಕ್ಕೆ ಅಂಕ ಕೊಟ್ಟಿದ್ದಳು. ಅಂಟಿನದಕ್ಕೆ ಎಪ್ಪತ್ತೆಂಟು, ಸ್ಕ್ರೂ ಇದ್ದದ್ದಕ್ಕೆ ಅರವತ್ತೊಂದು. ಆ ಅಂಕ ನಂಬಿಯೇ ಕಂಪನಿಯವರು ಸೋಮವಾರ ಅಂಟಿನ ಫ್ಯಾನಿನ ಮೈ ಎರಕ ಹೊಯ್ಯುವ ಅಚ್ಚು ಮಾಡಲು ಕೊಡುವವರಿದ್ದರು. ಒಮ್ಮೆ ಅಚ್ಚಾದರೆ ವರ್ಷಗಟ್ಟಲೆ ಅದೇ ಫ್ಯಾನು.

"ಕಾಕಾ, ಇದು ಐದು ವರ್ಷ ಬಾಳತೈತಿ ಅಂತ ಬರೆದಿದ್ದೆ. ಇಪ್ಪತ್ತಾರು ದಿನಕ್ಕೇ ಖತಂ."

"ಬಾಳತಿತ್ತವ್ವ, ಬಿಚ್ಚಾಕ ಬಂದಿದ್ರ."

ಅಕ್ಷರಾ ಲ್ಯಾಪ್‌ಟಾಪ್ ತೆರೆದಳು. ಅಂಕದ ಪಟ್ಟಿಯಲ್ಲಿ ದುರಸ್ತಿಯ ಕಾಲಂ ಕಣ್ಣಿಗೆ ಬಿತ್ತು. ಅಲ್ಲಿ ಅವಳು ಅಂದಾಜಿಗೆ ಒಂದು ಸಂಖ್ಯೆ ತುಂಬಿದ್ದಳು, ಎರಡೂ ಫ್ಯಾನುಗಳಿಗೆ ಒಂದೇ.

"ಇನ್ನೊಂದು ಬಿಚ್ರಿ ಕಾಕಾ, ನಾನು ಟೈಮ್ ನೋಡ್ತೀನಿ."

ಅಮರಯ್ಯ ಅದನ್ನು ಬಿಚ್ಚಿ, ಬೇಕೆಂದೇ ಒಂದು ತಂತಿ ಬಿಡಿಸಿ, ಬೆಸುಗೆ ಹಾಕಿ ಮುಚ್ಚುವಷ್ಟರಲ್ಲಿ ಒಂಬತ್ತು ನಿಮಿಷವಾಗಿತ್ತು. ಫ್ಯಾನು ತಿರುಗಿತು. ಒಳಗಿನ ಯಾವ ಯಾವ ಸಾಮಾನು ಹತ್ತಿರದ ಸೋನಾರ್‌ಪುರದ ಅಂಗಡಿಗಳಲ್ಲಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನೂ ಹೇಳಿ ಬರೆಸಿದರು. ಹೊಸ ಲೆಕ್ಕದಲ್ಲಿ ಅಂಟಿನ ಫ್ಯಾನು ಮೂವತ್ತನಾಲ್ಕಕ್ಕೆ ಇಳಿಯಿತು. ಸ್ಕ್ರೂ ಇದ್ದದ್ದು ಎಪ್ಪತ್ತಕ್ಕೆ ಏರಿತು.

ಸೋಮವಾರ ಬೆಳಿಗ್ಗೆ ಅವಳು ಸೀಳಿದ ಫ್ಯಾನನ್ನು ಕಂಪನಿಯ ಒಡತಿ ಮಾಧವಿಯವರ ಮೇಜಿನ ಮೇಲಿಟ್ಟಳು. "ಮೇಡಂ, ನಾನು ಕೊಟ್ಟ ಅಂಕ ತಪ್ಪು," ಎಂದಳು ಹಿಂದಿಯಲ್ಲಿ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಮಾಧವಿ ಸೀಳಿನ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಅಚ್ಚಿನವನಿಗೆ ಫೋನು ಮಾಡಿ, "ಅಭೀ ರುಕ್ ಜಾಯಿಯೇ," ಎಂದು ಕೆಲಸ ತಡೆದರು.

"ಹತ್ತು ಸಾವಿರ ಫ್ಯಾನು ಮಾರಿದ ಮೇಲೆ ಇದು ಗೊತ್ತಾಗಿದ್ದರೆ?" ಎಂದರು ಅಕ್ಷರಾಳತ್ತ ತಿರುಗಿ. "ಬಂದು ಹೇಳಿದೆಯಲ್ಲ, ಒಳ್ಳೆಯದಾಯಿತು. ಸ್ಕ್ರೂ ಇರುವುದನ್ನೇ ಮಾಡೋಣ. ಮೊದಲು ನಕ್ಷೆ ತೆಗೆದುಕೊಂಡು ಹೋಗಿ ಆ ಹಿರಿಯರಿಗೆ ತೋರಿಸು."

ಇ-ರಿಕ್ಷಾ ಹಿಡಿದು ಅವಳು ನೇರ ಮಠಕ್ಕೆ ಬಂದಳು. ಅಂಗಳದ ಕಟ್ಟೆಯ ಮೇಲೆ ನಕ್ಷೆ ಹಾಸಿ, ಅಮರಯ್ಯನವರ ಕಾಲು ಮುಟ್ಟಿ ನಮಸ್ಕರಿಸಿದಳು. "ನಿಮ್ಮಿಂದ ಉಳದೆ ಕಾಕಾ. ಈಗ ಹೇಳ್ರಿ, ಸ್ಕ್ರೂ ಎಲ್ಲೆಲ್ಲಿ ಇದ್ರ ನಿಮ್ಮ ಕೈಗೆ ಹಗುರ ಆಗತೈತಿ?"

ಅಮರಯ್ಯ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಆದರೂ ಕಾಗದ ಮುಟ್ಟಲಿಲ್ಲ. ದನಿ ತಗ್ಗಿಸಿ ಹೇಳಿದರು:

"ಕೆಟ್ಟ ಮ್ಯಾಲೆ ಎಲ್ಲಾರೂ ಕರೀತಾರ ತಂಗಿ. ಮಾಡೂಕಿಂತ ಮೊದಲ ಕೇಳಿದಾಕಿ ನೀ ಒಬ್ಬಾಕಿ."